ಸಾಹೇಬರು ತೆಗೆದುಕೊಂಡ ತಾಂಬೂಲ

ಅಮ್ಮ ವೀಳ್ಯದೆಲೆಯ ಕಟ್ಟು ಬಿಚ್ಚಿ ಮೊರದಲ್ಲಿ ಹರಡಿದಳು. ನಾನು ಎದುರಿಗೆ ಕೂತು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿ ಅವಳ ಕೈಗೆ ಕೊಡುತ್ತಾ ಹೋದೆ. ಅವಳು ಪ್ರತಿ ಎಲೆಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ, ತುದಿ ಹರಿದದ್ದನ್ನು ಪಕ್ಕಕ್ಕೆ ಹಾಕಿ, ತುದಿ ನೆಟ್ಟಗಿದ್ದುದನ್ನು ಮಾತ್ರ ಒಂದರ ಮೇಲೊಂದು ಜೋಡಿಸಿದಳು. ಅಪ್ಪ ಆಗಲೇ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗಿದ್ದ. ಬೀದಿಯಾಚೆ ನೂಲು ಹುರಿ ಮಾಡುವ ಮಿಷನ್ನುಗಳ ಸದ್ದು ಶುರುವಾಗಿತ್ತು. ಇಷ್ಟು ಎಲೆ ಯಾರಿಗೆ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಕಡಿಮೆ, ನೋಡಿ ತಿಳಿದುಕೊಳ್ಳುವುದೇ ಹೆಚ್ಚು.

ಅವಳು ಅಟ್ಟದ ಮೇಲಿಂದ ಹಿತ್ತಾಳೆ ತಟ್ಟೆ ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜಿದಳು. ಎಲೆ, ಅಡಿಕೆ, ಬಾಳೆಹಣ್ಣು, ಒಂದು ತೆಂಗಿನಕಾಯಿ ಇಟ್ಟು, ಮೇಲೆ ಬಿಳಿ ವಸ್ತ್ರ ಹೊದಿಸಿ ಚೀಲಕ್ಕೆ ಇಳಿಸಿದಾಗ ನನಗೆ ಗೊತ್ತಾಯಿತು. ತಾತನ ಪದ್ಧತಿ ನೆನಪಿಟ್ಟುಕೊಂಡು ಹೊರಟಿದ್ದಾಳೆ.

ನನ್ನಮ್ಮ ಅಕ್ಕಯಮ್ಮ ಸಾಸಲಿನವಳು. ಅವಳ ಅಪ್ಪ ಚಿಕ್ಕಬೀರಪ್ಪ ಊರಿನಲ್ಲಿ ನ್ಯಾಯ ಹೇಳುತ್ತಿದ್ದವನು. ಬದುವಿನ ಜಗಳ, ನೀರಿನ ಜಗಳ, ಬಿಟ್ಟುಬಂದ ಸೊಸೆಯನ್ನು ಮತ್ತೆ ಕಳಿಸುವ ಜಗಳ, ಎಲ್ಲವೂ ಅವನ ಜಗುಲಿಗೆ ಬರುತ್ತಿದ್ದವಂತೆ. ಕೇಳಿಕೊಳ್ಳುವವರು ತಾಂಬೂಲದ ತಟ್ಟೆ ಮುಂದೆ ಹಿಡಿಯಬೇಕು. ತಾತ ಮುಟ್ಟದೆ ಎದ್ದು ಒಳಗೆ ಹೋದರೆ ಆಗುವುದಿಲ್ಲ ಎಂದು ಅರ್ಥ. ಎತ್ತಿಕೊಂಡರೆ ಮಾತು ಕೊಟ್ಟ ಹಾಗೆ, ಕೆಲಸ ಆದ ಹಾಗೆಯೇ. ಒಂದು ಸಲ ಹಾಗೆ ಎತ್ತಿಕೊಂಡದ್ದಕ್ಕೆ ಸ್ವಂತ ತಮ್ಮನ ಎದುರೇ ನಿಂತು, ಪರರ ಹೊಲದ ಬದು ಬಿಡಿಸಿಕೊಟ್ಟನಂತೆ. ಈ ಕತೆಯನ್ನು ಅಮ್ಮ ನನಗೂ ಅಣ್ಣನಿಗೂ ಮುದ್ದೆ ಮುರಿದು ಕೊಡುವಾಗೆಲ್ಲ ಹೇಳಿದ್ದಾಳೆ.

ಅವತ್ತು ಅವಳು ಬೇಡಿಕೊಳ್ಳಲು ಹೊರಟಿದ್ದು ಅಣ್ಣ ಅಮರನಿಗಾಗಿ.

ಅಮರಣ್ಣ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದ. ಅಲ್ಲಿ ತಾಮ್ರದ ತಂತಿ ಕಳುವಾಯಿತು. ಆ ಪಾಳಿಯಲ್ಲಿದ್ದ ಮೂವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನು ಕದ್ದಿದ್ದನೋ ಇಲ್ಲವೋ, ವಿಚಾರಣೆಯೇ ಇನ್ನೂ ಶುರುವಾಗಿಲ್ಲ. ಯುಗಾದಿಗೆ ಮುಂಚೆಯೇ ಕೋರ್ಟು ಜಾಮೀನು ಕೊಟ್ಟಿತ್ತು. ಆದರೆ ಜಮೀನಿರುವ ಒಬ್ಬರು ತಮ್ಮ ಹೆಸರಿನ ಪಹಣಿ ತಂದು ಶ್ಯೂರಿಟಿ ನಿಲ್ಲಬೇಕು ಎಂದು ಆಜ್ಞೆಯಲ್ಲಿತ್ತು. ಉಳಿದ ಇಬ್ಬರ ಮನೆಯಲ್ಲಿ ಜಮೀನಿತ್ತು, ಅವರು ಆ ವಾರವೇ ಹೊರಗೆ ಬಂದರು. ನಮಗೆ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಬಾಡಿಗೆ ಮನೆ ಇತ್ತು, ರೇಷ್ಮೆ ಗೂಡಿನ ಕುದಿನೀರಿನಲ್ಲಿ ಬೆಂದ ಅಪ್ಪನ ಬೆರಳುಗಳಿದ್ದವು. ಅಣ್ಣ ಒಳಗೇ ಉಳಿದ.

ಸಾಸಲಿನ ಹೊಲದಲ್ಲಿ ಅಮ್ಮನಿಗೂ ಪಾಲಿತ್ತು. ನಾನು ಚಿಕ್ಕವಳಿದ್ದಾಗ ಅವಳ ಅಣ್ಣ ರಾಮಾಂಜಿನಪ್ಪ ಗೌರಿ ಹಬ್ಬಕ್ಕೆ ಬಾಗಿನ ತಂದು, ಸೀರೆ ಉಡಿಸಿ, ದೊಡ್ಡಬಳ್ಳಾಪುರದ ರಿಜಿಸ್ಟರ್ ಆಫೀಸಿಗೆ ಕರೆದುಕೊಂಡು ಹೋಗಿ, ನನಗೇನೂ ಬೇಡ ಎಂದು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ತವರು ಬೇಕಲ್ಲ ಎಂದು ಅವಳು ಸಂತೋಷವಾಗಿಯೇ ಒತ್ತಿದ್ದಳು. ಈಗ ಅದೇ ಹೊಲದ ಪಹಣಿ ಕೇಳಿಕೊಂಡು ಹೋಗಿ ಹೋಗಿ ಅವಳ ಚಪ್ಪಲಿ ಸವೆದಿತ್ತು. ಮಾವನ ಮಗ ನವೀನ್‌ಕುಮಾರ್ ಅಡ್ಡ ನಿಂತಿದ್ದ. ಪಹಣಿಯಲ್ಲಿ ಕೋರ್ಟಿನವರು ಶ್ಯೂರಿಟಿ ಎಂದು ಬರೆಸುತ್ತಾರೆ, ಇವನು ವಾಯಿದೆಗೆ ಬರದೆ ಓಡಿಹೋದರೆ ನಮ್ಮ ಹೊಲಕ್ಕೆ ಬರುತ್ತಾರೆ ಎಂದು ಅವನ ಮಾತು. ಕೊನೆಗೆ ಮಾವ, ಮಗನ ಮೇಲಿನ ಕೋಪಕ್ಕೋ ತಂಗಿಯ ಮೇಲಿನ ಮರುಕಕ್ಕೋ, ಬರುವ ಸೋಮವಾರ ಕೋರ್ಟಿಗೆ ಬರುತ್ತೇನೆ ಎಂದು ಒಪ್ಪಿದ್ದ. ಒಪ್ಪುವಾಗ ಅವನು ಅಮ್ಮನ ಮುಖ ನೋಡಲಿಲ್ಲ, ಹಸುವಿನ ಕಡೆ ನೋಡುತ್ತಿದ್ದ. ನಾನು ಅದನ್ನು ಗಮನಿಸಿದ್ದೆ.

ಅಮ್ಮ ತಟ್ಟೆ ಹಿಡಿದು ಹೊರಟಿದ್ದ ನ್ಯಾಯ ಇಲಾಖೆಯ ಸಭೆ ಇದ್ದದ್ದು ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ.

ಸಭೆಯ ವಿಷಯ ನಮಗೆ ಹೇಗೆ ಬಂತೆಂದರೆ, ನಾನು ದೇವನಹಳ್ಳಿಯ ‘ಹೊಸಿಲು ಬಳಗ’ದಲ್ಲಿ ಕಸ ಗುಡಿಸಿ ಟೀ ಮಾಡುವ ಕೆಲಸಕ್ಕಿದ್ದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹುರಿ ಮಿಷನ್ನಿಗೆ ಹೋಗುತ್ತಿದ್ದವಳು. ಅಣ್ಣನ ಕೇಸಿನಿಂದ ಆ ಸಂಸ್ಥೆಯ ಪರಿಚಯವಾಗಿ, ಅದನ್ನು ನಡೆಸುವ ಶಶಿರೇಖಕ್ಕ ನನ್ನನ್ನು ಇಟ್ಟುಕೊಂಡರು. ಜೈಲಿನಲ್ಲಿ ಯಾರೂ ದಿಕ್ಕಿಲ್ಲದೆ ಇರುವವರನ್ನು ಹೋಗಿ ಕಂಡು, ಅವರ ಮನೆಗೆ ಸುದ್ದಿ ಮುಟ್ಟಿಸಿ, ವಕೀಲರನ್ನು ಹುಡುಕಿಕೊಡುವುದು ಬಳಗದ ಕೆಲಸ. ಒಳಗೆ ಹೋಗಲು ಪಾಸು ಬೇಕು. ಪಾಸು ಕೊಡುವುದು ನ್ಯಾಯ ಇಲಾಖೆಯ ಸಂಪರ್ಕ ವಿಭಾಗ. ತನ್ನ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ, ವರ್ಷಕ್ಕೊಂದು ಸಲ ಹೊಸದು ಮಾಡಿಸಿಕೊಳ್ಳಬೇಕು.

ಆ ವಿಭಾಗದ ಅಧಿಕಾರಿ ಗೋವಿಂದರಾಜು ಒಳ್ಳೆಯ ಮಾತಿನ ಮನುಷ್ಯ. ಯಾರ ಮೇಲೂ ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಸಂಸ್ಥೆಗಳನ್ನು ಕರೆದು ಮಾಡುವ ಸಭೆಗೆ ವಾರ ಮುಂಚೆ ಫೋನು ಮಾಡುತ್ತಾರೆ. ಶಶಿರೇಖಕ್ಕ ಸ್ಪೀಕರಿಗೆ ಹಾಕಿ ಬರೆದುಕೊಳ್ಳುತ್ತಾರೆ, ನಾನು ಬಾಗಿಲ ಹತ್ತಿರ ಲೋಟ ಒರೆಸುತ್ತಾ ಕೇಳಿಸಿಕೊಳ್ಳುತ್ತೇನೆ. ಯಾವ ಸಂಸ್ಥೆಯಿಂದ ಎಷ್ಟು ಜನ, ಹೆಣ್ಣುಮಕ್ಕಳು ಮುಂದಿನ ಸಾಲಿಗೆ, ಒಂದೇ ಬಣ್ಣದ ಸೀರೆಯಾದರೆ ಒಳ್ಳೆಯದು. ಕೇಳುವ ಪ್ರಶ್ನೆ ಮೊದಲೇ ಕಳಿಸಬೇಕು. ಅವರು ಅದನ್ನು ತಿದ್ದಿ ವಾಪಸು ಕಳಿಸುತ್ತಾರೆ. ಒಬ್ಬೊಬ್ಬರ ಕೇಸು ಎತ್ತಬಾರದು, ಸಾಮಾನ್ಯವಾಗಿ ಮಾತಾಡಬೇಕು.

ಆ ಸಲ ಶಶಿರೇಖಕ್ಕ ಒಂದು ಪ್ರಶ್ನೆ ಕಳಿಸಿದ್ದರು. ಜಾಮೀನು ಸಿಕ್ಕಿಯೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿದವರಿದ್ದಾರೆ. ಪಹಣಿಯ ಷರತ್ತು ಸಡಿಲಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಲು ಇಲಾಖೆ ತನ್ನ ವಕೀಲರಿಗೆ ಯಾಕೆ ಹೇಳಬಾರದು ಎಂದು. ಗೋವಿಂದರಾಜು ಫೋನಿನಲ್ಲಿ ನಗುತ್ತಲೇ, ಒಳ್ಳೆಯ ಪ್ರಶ್ನೆ, ಮುಂದಿನ ಸಲಕ್ಕೆ ಇಟ್ಟುಕೊಳ್ಳೋಣ ಮೇಡಂ ಎಂದರು. ಹಿಂದೆಯೇ, ನಿಮ್ಮ ಪಾಸು ನನ್ನ ಟೇಬಲ್ ಮೇಲೇ ಇದೆ ಎಂದೂ ಹೇಳಿದರು. ಆಮೇಲೆ, ಜಾಮೀನು ಸಿಕ್ಕ ಒಂದು ಮನೆಯವರು ಬಂದು ವೇದಿಕೆಯ ಮೇಲೆ ಎರಡು ಮಾತು ಆಡಿದರೆ ಚೆನ್ನ ಎಂದರು. ಅವರ ಲೆಕ್ಕದಲ್ಲಿ ಜಾಮೀನಿನ ಆಜ್ಞೆಯಾದವರೆಲ್ಲ ಬಿಡುಗಡೆಯಾದವರೇ. ಹಾಗೆ ನೋಡಿದರೆ ಅಮರಣ್ಣನೂ ಇಲಾಖೆಯಿಂದ ಅನುಕೂಲ ಪಡೆದವನು.

ಫೋನು ಇಟ್ಟ ಮೇಲೆ ಶಶಿರೇಖಕ್ಕ ತುಂಬ ಹೊತ್ತು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. ಆಮೇಲೆ ನನ್ನ ಕಡೆ ನೋಡದೆಯೇ, ನಿಮ್ಮಮ್ಮನ್ನ ಕರ್ಕೊಂಡು ಬರ್ತೀಯಾ ಅಂದರು.

ಅಮ್ಮನಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕರೆದಿರುವುದು ಥ್ಯಾಂಕ್ಸ್ ಹೇಳಿಸಿಕೊಳ್ಳುವುದಕ್ಕೆ, ಕೇಳಿಸಿಕೊಳ್ಳುವುದಕ್ಕಲ್ಲ ಎಂದೆ. ಅವಳು ಒಲೆಯ ಮುಂದೆ ಕೂತಿದ್ದಳು. ದೊಡ್ಡ ಮನುಷ್ಯರು ಕರೆದ ಮೇಲೆ ಎದುರಿಗೆ ನಿಂತು ಕೇಳುವುದೂ ಇರುತ್ತದೆ ಎಂದಳು. ಸಭೆಯ ದಿನ ಬೆಳಿಗ್ಗೆ ಎಲೆಯ ಕಟ್ಟು ತಂದಳು.

ಸಭೆ ನಡೆದದ್ದು ದೇವನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಬೇಗ ಹೋಗಿ ಕುರ್ಚಿ ಒರೆಸಿದೆ, ವೇದಿಕೆಯ ಪಕ್ಕದ ಟೇಬಲ್ ಮೇಲೆ ಶಾಲುಗಳನ್ನೂ ಹಣ್ಣಿನ ಬುಟ್ಟಿಗಳನ್ನೂ ಸಾಲಾಗಿ ಇಟ್ಟೆ. ಯಾರಿಗೆ ಸನ್ಮಾನ ಎಂದು ನನಗೆ ಹೇಳಿರಲಿಲ್ಲ. ನೋಡುತ್ತಾ ನೋಡುತ್ತಾ ಗೊತ್ತಾಯಿತು.

ದೊಡ್ಡಬಳ್ಳಾಪುರದ ಕಡೆಯಿಂದ ಆದಿನಾರಾಯಣಪ್ಪ ಎಂಬ ವಯಸ್ಸಾದವರು ಬಂದಿದ್ದರು. ರೈತರ ಸಂಘವೊಂದರವರು, ಹೆಗಲ ಮೇಲೆ ಟವೆಲ್. ಪ್ರಶ್ನೆ ಮೊದಲೇ ಕಳಿಸುವವರ ಪೈಕಿ ಅಲ್ಲ ಎಂದು ಕೂತ ರೀತಿಯಲ್ಲೇ ಕಾಣುತ್ತಿತ್ತು. ಸ್ವಾಗತ ಮುಗಿಯುವ ಮೊದಲೇ ಎದ್ದು ನಿಂತರು.

“ಸ್ವಾಮಿ, ಬೇಲ್ ಸಿಕ್ಕಿದೆ ಅಂತ ಪುಸ್ತಕದಲ್ಲಿ ಬರ್ಕೊಂಡಿದ್ದೀರಿ. ಹುಡುಗ್ರು ಒಳಗೇ ಅವ್ರಲ್ಲ, ಅವ್ರ್ನ ಯಾವ ಪುಸ್ತಕದಲ್ಲಿ ಬರ್ಕೊಂಡಿದ್ದೀರಿ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಮ್ಮ ನೆಟ್ಟಗೆ ಕೂತಳು. ಗೋವಿಂದರಾಜು ಸ್ವಲ್ಪವೂ ಮುಖ ಕೆಡಿಸಿಕೊಳ್ಳಲಿಲ್ಲ. ಹಿರಿಯರು ಸರಿಯಾಗಿ ಕೇಳಿದರು, ಇಂಥ ಹಿರಿಯರು ಕೆಳಗೆ ನಿಂತು ಮಾತಾಡುವುದು ನಮಗೆ ಶೋಭೆಯಲ್ಲ ಎಂದು ಹೇಳಿ, ಇಳಿದು ಬಂದು, ಕೈ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ನನಗೆ ಸನ್ನೆ ಮಾಡಿದರು. ನಾನು ಶಾಲು ಕೊಟ್ಟೆ. ಅದನ್ನು ಹೊದಿಸಿ, ಮೈಸೂರು ಪೇಟ ಇಟ್ಟು, ಬುಟ್ಟಿ ಕೈಗೆ ಕೊಟ್ಟು, ಫೋಟೋಕ್ಕೆ ನಿಲ್ಲಿಸಿದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಆ ಮುದುಕಪ್ಪ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಅವರು ಅಲುಗಿದಾಗೆಲ್ಲ ಚರಚರ ಅನ್ನುತ್ತಿತ್ತು. ಮತ್ತೆ ಬಾಯಿ ತೆರೆಯಲು ನೋಡಿದರು. ಪೇಟ ಕಣ್ಣಿನ ಮೇಲೆ ಜಾರಿತು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು.

ಮುಂದಿನ ಹೆಸರು ಶಶಿರೇಖಕ್ಕನದು. ಅವರಿಗೂ ಶಾಲು ಬಂತು. ಇಲಾಖೆಯ ಸಲಹಾ ಸಮಿತಿಗೆ ಅವರನ್ನು ತೆಗೆದುಕೊಂಡಿದ್ದೇವೆ ಎಂದು ಗೋವಿಂದರಾಜು ಅಲ್ಲಿಯೇ ಘೋಷಿಸಿದರು. ಶಶಿರೇಖಕ್ಕನಿಗೂ ಆಗಷ್ಟೇ ಗೊತ್ತಾದ ಹಾಗಿತ್ತು, ಅವರ ಕತ್ತು ಕೆಂಪಗಾಯಿತು. ಜೈಲಿನಲ್ಲಿದ್ದವರನ್ನು ಕಂಡು ಬಂದ ದಿನಗಳಲ್ಲಿ ಸಿಟ್ಟಿಗೆ ಆಫೀಸಿನ ಗೋಡೆ ನೋಡಿಕೊಂಡು ಕೂಗಾಡುತ್ತಿದ್ದ ಹೆಂಗಸು, ಮೈಕಿನಲ್ಲಿ ಇಲಾಖೆಯ ಸಹಕಾರಕ್ಕೆ ಋಣಿ ಎಂದು ಹೇಳಿ ಕೂತರು.

ಆಮೇಲೆ ಅಮ್ಮನನ್ನು ಕರೆದರು.

ಅವಳು ಚಪ್ಪಲಿ ಬಿಟ್ಟು, ತಟ್ಟೆಯ ಮೇಲಿನ ವಸ್ತ್ರ ತೆಗೆದು, ಸೆರಗು ಹೊದ್ದು ಮೆಟ್ಟಿಲು ಹತ್ತಿದಳು. ಮೈಕಿನ ಹತ್ತಿರ ಹೋಗಲೇ ಇಲ್ಲ. ನೇರ ಗೋವಿಂದರಾಜು ಅವರ ಮುಂದೆ ನಿಂತು ಎರಡೂ ಕೈಯಲ್ಲಿ ತಟ್ಟೆ ಚಾಚಿದಳು. ಏನೋ ಹೇಳಿದಳು. ಸಭೆಗೆ ಕೇಳಲಿಲ್ಲ, ಟೇಬಲ್ ಪಕ್ಕದಲ್ಲಿದ್ದ ನನಗೆ ಕೇಳಿತು.

“ನನ್ನ ಮಗನ್ನ ಮನೆ ಸೇರಿಸ್ತೀನಿ ಅನ್ನಂಗಿದ್ರೆ ಇದನ್ನ ತಗಳಿ, ಸ್ವಾಮಿ.”

ಫೋಟೋದವನು ಇನ್ನೊಂಚೂರು ಈ ಕಡೆ ಎಂದು ಕೈ ಆಡಿಸಿದ. ಗೋವಿಂದರಾಜು ಕ್ಯಾಮೆರಾ ಕಡೆ ಮುಖ ಮಾಡಿಕೊಂಡೇ ತಟ್ಟೆಗೆ ಕೈ ಹಾಕಿದರು.

“ಆಯ್ತು ತಾಯಿ, ಆಯ್ತು,” ಎಂದು ಎಲೆ ಅಡಿಕೆ ಎತ್ತಿಕೊಂಡರು.

ಅಮ್ಮ ಕೆಳಗಿಳಿದು ಬಂದಾಗ ಅವಳ ಮುಖ ನಾನು ಹಿಂದೆಂದೂ ನೋಡಿರದ ಮುಖವಾಗಿತ್ತು. ಅತ್ತಿರಲಿಲ್ಲ. ಮಗಳ ಮದುವೆಯ ಮಾತು ಮುಗಿಸಿ ಬಂದವಳ ಹಾಗೆ ನೆಮ್ಮದಿಯಾಗಿದ್ದಳು. ಉಳಿದ ಕಾಯಿ ಹಣ್ಣನ್ನು ಚೀಲಕ್ಕೆ ಹಾಕಿ, ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಮಂಟಪದ ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ನನ್ನಿಂದ ಸಾಸಲಿಗೆ ಫೋನು ಮಾಡಿಸಿ ಕಿವಿಗೆ ಹಿಡಿದಳು.

“ಅಣ್ಣಾ, ಸೋಮವಾರ ನೀನು ಬರಬ್ಯಾಡ ಕಣಣ್ಣಾ. ಸಾಹೇಬ್ರು ತಾಂಬೂಲ ತಗಂಡ್ರು.”

ಆ ಕಡೆಯಿಂದ ಮಾವ, ಎಲ್ಲರ ಎದುರಿಗಾ ಎಂದು ಕೇಳಿದ. ಎಲ್ಲರ ಎದುರಿಗೇ ಎಂದಳು ಅಮ್ಮ. ಹಾಗಾದರೆ ಮುಗಿಯಿತು ಬಿಡು ಎಂದ. ಅವನ ಉಸಿರು ಹಗುರಾದದ್ದು ಫೋನಿನಿಂದ ನನಗೂ ಕೇಳಿಸಿತು.

ನಾನು ಅಮ್ಮನ ಸೆರಗು ಹಿಡಿದು, ಸೋಮವಾರ ಆಗಿಬಿಡಲಿ, ಮಾವ ಬರಲಿ, ಆಮೇಲೆ ಬೇಕಾದರೆ ಬೇಡ ಅನ್ನು ಎಂದೆ. ಅವಳು ನನ್ನ ಕೈ ಬಿಡಿಸಿದಳು.

“ತಗಂಡೋರ ಮೇಲೆ ನಂಬಿಕೆ ಇಲ್ದಂಗೆ ಇನ್ನೊಬ್ಬರ ಕಾಲು ಹಿಡೀಬೇಕೇನೇ? ನಮ್ಮಪ್ಪನ ಮಗಳು ಕಣೇ ನಾನು.”

ಶಶಿರೇಖಕ್ಕ ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದಿದ್ದರು. ಹೊಸ ಶಾಲು ಇನ್ನೂ ಹೆಗಲ ಮೇಲಿತ್ತು. ಅಕ್ಕ, ನೀವಾದರೂ ಹೇಳಿ ಎಂದು ನಾನು ಅವರ ಕಡೆ ನೋಡಿದೆ. ಅವರು ಒಂದು ಹೆಜ್ಜೆ ಮುಂದೆ ಬಂದರು. ಹಿಂದಿನಿಂದ ಗೋವಿಂದರಾಜು, ಮೇಡಂ, ಗ್ರೂಪ್ ಫೋಟೋ ಎಂದು ಕರೆದರು. ಅಕ್ಕ ನನ್ನ ಭುಜ ಮುಟ್ಟಿ ಒಳಗೆ ಹೋದರು.

ಎಲ್ಲ ಮುಗಿದ ಮೇಲೆ ವೇದಿಕೆ ಗುಡಿಸುವಾಗ ಅಧಿಕಾರಿಗಳ ಟೇಬಲ್ಲಿನ ಕೆಳಗೆ ನೀರಿನ ಬಾಟಲಿಗಳ ಜೊತೆ ನಮ್ಮ ಎಲೆ ಅಡಿಕೆ ಬಿದ್ದಿತ್ತು. ಮೇಲಿನ ಎಲೆಯ ಮೇಲೆ ಬೂಟಿನ ಗುರುತು. ನಾನು ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, ತೆಗೆದುಕೊಂಡ ಮೇಲೆ ಎಲ್ಲಿಟ್ಟರೇನು ಎಂದಳು. ವಿಜಯಪುರ ಬರುವವರೆಗೂ ತಟ್ಟೆ ಅವಳ ತೊಡೆಯ ಮೇಲಿತ್ತು.

ಸೋಮವಾರ ಅವಳು ಮನೆ ಸಾರಿಸಿದಳು. ಅಣ್ಣನ ಹಾಸಿಗೆ ಬಿಸಿಲಿಗೆ ಹಾಕಿದಳು. ಹುರುಳಿ ಬಸಿದು ಬಸ್ಸಾರು ಮಾಡಿದಳು, ಅದು ಅವನಿಗೆ ಇಷ್ಟ. ಸಂಜೆ ಅಪ್ಪ ಬಂದು, ಬಾಗಿಲಲ್ಲಿ ಅಣ್ಣನ ಚಪ್ಪಲಿ ಹುಡುಕಿ, ಕೈಕಾಲು ತೊಳೆದ. ಮಂಗಳವಾರ ಅದೇ ಸಾರನ್ನು ಬಿಸಿ ಮಾಡಿದಳು. ಬುಧವಾರ ಚೆಲ್ಲಿದಳು. ಆ ವಾರದ ಕೊನೆಗೆ ಪಕ್ಕದ ಮನೆಯವರು ಪೇಪರು ತಂದು ತೋರಿಸಿದರು. ಅಮ್ಮ ತಟ್ಟೆ ಚಾಚಿದ ಫೋಟೋ, ಕೆಳಗೆ ‘ಇಲಾಖೆಗೆ ತಾಯಿಯ ಕೃತಜ್ಞತೆ’ ಎಂದಿತ್ತು. ಅಮ್ಮನಿಗೆ ಓದಲು ಬರುವುದಿಲ್ಲ. ಏನು ಬರೆದಿದ್ದಾರೆ ಎಂದು ಕೇಳಿದಳು. ಓದಿದೆ. ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ.

ಆಮೇಲೆ ಅವಳೇ ನನ್ನನ್ನು ಕರೆದುಕೊಂಡು ಸಂಪರ್ಕ ವಿಭಾಗಕ್ಕೆ ಹೊರಟಳು. ಗೋವಿಂದರಾಜು ನಮ್ಮನ್ನು ಕೂರಿಸಿದರು, ನೀರು ತರಿಸಿದರು. ಅಮ್ಮನ ಗುರುತು ಅವರಿಗೆ ಹತ್ತಲಿಲ್ಲ. ನಾನು ತಾಂಬೂಲ ಎಂದ ಮೇಲೆ, ಓ, ಆ ಫೋಟೋ ತುಂಬ ಚೆನ್ನಾಗಿ ಬಂದಿದೆ ಎಂದರು. ಬಿಡುಗಡೆ ಕೋರ್ಟಿಗೆ ಬಿಟ್ಟದ್ದು, ಅದರಲ್ಲಿ ನಾವು ಕೈ ಹಾಕುವಂತಿಲ್ಲ ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಹಾಗಾದರೆ ಷರತ್ತು ಸಡಿಲಿಸುವ ಅರ್ಜಿ ಹಾಕಿಸಿ ಎಂದು ನಾನು ಹೇಳಿದೆ. ನನ್ನ ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಅವರು ಕಿವಿಯ ಹತ್ತಿರ ಕೈ ಇಟ್ಟುಕೊಂಡರು.

“ನೋಡಮ್ಮ, ನಾವು ವ್ಯವಹಾರ ಮಾಡೋದು ಸಂಸ್ಥೆಗಳ ಜೊತೆ. ಒಬ್ಬೊಬ್ಬರ ಜೊತೆ ಅಲ್ಲ. ನಿಮ್ಮ ಸಂಸ್ಥೆ ಮೂಲಕ ಬರಲಿ.”

ನಾನು ಶಶಿರೇಖಕ್ಕನ ಹತ್ತಿರ ಹೋದೆ. ಅವರು ಸಮಿತಿಯ ಮೊದಲ ಸಭೆಗೆ ಕಾಗದ ಜೋಡಿಸುತ್ತಿದ್ದರು. ಸಮಿತಿಯಲ್ಲಿದ್ದವರು ಇಲಾಖೆಗೆ ಬೇಡಿಕೆ ಕೊಡುವಂತಿಲ್ಲ, ಸಲಹೆ ಮಾತ್ರ ಕೊಡಬಹುದು ಎಂದು ಅಲ್ಲಿ ನಿಯಮವಿದೆಯಂತೆ. ಅದನ್ನು ಹೇಳುವಾಗ ಅವರಿಗೇ ನಾಚಿಕೆಯಾಗಿ ಕನ್ನಡಕ ತೆಗೆದು ಒರೆಸಿದರು.

“ಪಾಸು ಹೋದ್ರೆ ಒಳಗಿರೋರ ಮುಖ ನೋಡೋರೂ ಇರಲ್ಲ ಕಣೇ. ನಿಮ್ಮಣ್ಣನ ಮುಖಾನೂ.”

ಅದು ಸುಳ್ಳಲ್ಲ. ಅಣ್ಣನಿಗೆ ಜ್ವರ ಬಂದಾಗ ನಮಗೆ ಸುದ್ದಿ ತಂದದ್ದು ಅವರೇ. ಅದಕ್ಕೇ ನನಗೆ ಅವರ ಮೇಲೆ ಕೂಗಲೂ ಆಗಲಿಲ್ಲ. ಲೋಟ ತೊಳೆದಿಟ್ಟು ಮನೆಗೆ ಬಂದೆ.

ಉಳಿದದ್ದು ಸಾಸಲು. ಅಮ್ಮನೂ ನಾನೂ ಹೋದೆವು. ಮಾವ ಜಗುಲಿಯ ಮೇಲೆ, ತಾತ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದ. ಅಮ್ಮ ವಿಷಯ ಹೇಳುವ ಮೊದಲೇ ಒಳಗಿಂದ ನವೀನ್‌ಕುಮಾರ್ ಬಂದು ಕಂಬಕ್ಕೆ ಒರಗಿ ನಿಂತ. ಹೊಲ ಈಗ ಅವನ ಹೆಸರಿಗಿತ್ತು. ನಾವು ಬೇಡ ಎಂದ ಮರುವಾರವೇ ತನ್ನ ಅಪ್ಪನನ್ನು ಕರೆದುಕೊಂಡು ಹೋಗಿ ದಾನಪತ್ರ ಮಾಡಿಸಿಕೊಂಡಿದ್ದ, ಮತ್ತೆ ಯಾರೂ ಬಂದು ಕೇಳದ ಹಾಗೆ. ಅತ್ತೆ, ನಿಮಗೆ ಸಾಹೇಬ್ರೇ ಸಿಕ್ಕವ್ರಲ್ಲ, ನಮ್ಮ ಕೊರಕಲು ಹೊಲ ಯಾಕೆ ಎಂದು ಅಣಕಿಸಿದ. ಮಾವ ಅವನನ್ನು ಗದರಲಿಲ್ಲ. ನಂದೇನೂ ಉಳಿದಿಲ್ಲ ತಂಗೀ, ನೀನೇ ಬೇಡ ಅಂದೆಯಲ್ಲ, ತಾಂಬೂಲ ಅಂದ ಮೇಲೆ ನಾನೂ ನಂಬಿದೆ ಎಂದ.

ಅವನು ನಂಬಿದ್ದು ನಿಜವಿರಬಹುದು. ಅವನೂ ಅದೇ ಅಪ್ಪನ ಮಗ. ನಂಬುವುದು ಅವನಿಗೆ ಅನುಕೂಲವೂ ಆಗಿತ್ತು.

ನಾವು ಹೊರಡುವಾಗ ಮಾವನ ಹೆಂಡತಿ ಪದ್ಧತಿಯಂತೆ ಅಮ್ಮನಿಗೆ ಕುಂಕುಮ ಇಟ್ಟು ಎಲೆ ಅಡಿಕೆ ಕೊಟ್ಟಳು. ಅಮ್ಮ ಕುಂಕುಮ ಇಟ್ಟುಕೊಂಡಳು. ಎಲೆ ಅಡಿಕೆಯನ್ನು ಜಗುಲಿಯ ಮೇಲೆ ತಾತನ ಜಾಗದಲ್ಲಿ ಇಟ್ಟು, ತಿರುಗಿ ನೋಡದೆ ಮೆಟ್ಟಿಲಿಳಿದಳು. ಆವತ್ತಿನಿಂದ ಅವಳು ಎಲೆ ಹಾಕುವುದನ್ನು ಬಿಟ್ಟಿದ್ದಾಳೆ. ತಾತನ ಕತೆಯನ್ನೂ ಹೇಳುವುದಿಲ್ಲ.

ಇಲಾಖೆಯ ಮುಂದಿನ ಸಭೆಯೂ ಅದೇ ಮಂಟಪದಲ್ಲಿ ಆಯಿತು. ಅಮ್ಮ ಬರಲಿಲ್ಲ, ಆದರೂ ಇದ್ದಳು. ವೇದಿಕೆಯ ಹಿಂದೆ ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಬ್ಯಾನರಿನಲ್ಲಿ ಅವಳು ಆಳೆತ್ತರ ನಿಂತು ತಟ್ಟೆ ಚಾಚಿದ್ದಳು, ಗೋವಿಂದರಾಜು ನಗುತ್ತಾ ಎಲೆ ಎತ್ತಿಕೊಳ್ಳುತ್ತಿದ್ದರು. ಕಟ್ಟುವವರು ಬ್ಯಾನರನ್ನು ಜಗ್ಗಿ ಕಟ್ಟಿದ್ದರಿಂದ ಅಮ್ಮನ ಬಾಯಿಯ ಹತ್ತಿರ ಒಂದು ಮಡಿಕೆ ಬಿದ್ದಿತ್ತು. ಆ ಮಡಿಕೆಯಲ್ಲಿ ಅವಳು ಆಡುತ್ತಿದ್ದ ಮಾತು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಶಾಲಿನ ಟೇಬಲ್ಲಿನ ಪಕ್ಕ ನಿಂತಿದ್ದೆ. ಈ ಸಲ ಆದಿನಾರಾಯಣಪ್ಪ ಬಂದಿರಲಿಲ್ಲ. ಅವರ ಸಂಘ ಪಟ್ಟಿಯಲ್ಲಿ ಇಲ್ಲ ಎಂದು ಮೈಕಿನವನು ಯಾರಿಗೋ ಹೇಳುತ್ತಿದ್ದ. ಶಶಿರೇಖಕ್ಕ ವೇದಿಕೆಯ ಮೇಲಿದ್ದರು. ಮೊದಲೇ ತಿದ್ದಿ ಕಳಿಸಿದ್ದ ಪ್ರಶ್ನೆಗಳು ಬಂದವು, ಸಿದ್ಧವಾಗಿದ್ದ ಉತ್ತರಗಳೂ ಬಂದವು. ಊಟದ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬರತೊಡಗಿದಾಗ ಗೋವಿಂದರಾಜು ಕಾಗದ ಮಡಚಿಕೊಂಡು, ಯಾರಿಗಾದರೂ ಏನಾದರೂ ಹೇಳುವುದಿದೆಯಾ ಎಂದು ಕೇಳಿದರು. ಪ್ರತಿ ಸಲವೂ ಕೇಳುತ್ತಾರೆ. ಇರುವುದಿಲ್ಲ ಎಂದು ಗೊತ್ತಿದ್ದೇ ಕೇಳುತ್ತಾರೆ.

ನನ್ನ ಕೈಯಲ್ಲಿ ಒಂದು ಶಾಲು ಇತ್ತು. ಅದನ್ನು ಟೇಬಲ್ ಮೇಲೆ ಇಟ್ಟು, ಕೆಳಗೆ ನಿಲ್ಲಿಸಿದ್ದ ಮೈಕಿನ ಹತ್ತಿರ ಹೋದೆ. ಅಷ್ಟು ಜನರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ, ಸ್ಕೂಲಿನಲ್ಲಿ ಹಾಜರಿಗೆ ಬಿಟ್ಟರೆ. ಮೈಕಿನ ಎತ್ತರ ಯಾರದೋ ಗಂಡಸಿನದಾಗಿತ್ತು. ಕೆಳಗೆ ಬಗ್ಗಿಸಿಕೊಂಡೆ.

“ಹಿಂದಿರೋ ಫೋಟೋದಲ್ಲಿ ತಾಂಬೂಲ ಕೊಡ್ತಿರೋದು ನಮ್ಮಮ್ಮ, ಸಾರ್. ತಗೊಂಡಿದ್ದು ನೀವು. ನಮ್ಮಣ್ಣ ಅಮರ್ ಇನ್ನೂ ಒಳಗಿದ್ದಾನೆ. ಅವನನ್ನ ಮನೆಗೆ ಕಳಿಸಿಕೊಡಿ.”

ಮುಂದಿನ ಸಾಲಿನ ಹೆಂಗಸರು ತಲೆಯೆತ್ತಿ ಬ್ಯಾನರ್ ನೋಡಿದರು. ಗೋವಿಂದರಾಜು ತಿರುಗಲಿಲ್ಲ. ನಗುವನ್ನು ಹಾಗೇ ಇಟ್ಟುಕೊಂಡು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಶಾಲಿನ ಟೇಬಲ್ಲಿನ ಕಡೆ ನೋಡಿದರು. ಅಲ್ಲಿ ಶಾಲು ಎತ್ತಿಕೊಡುವವರು ಯಾರೂ ಇರಲಿಲ್ಲ. ಶಶಿರೇಖಕ್ಕ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಿಂದ ಕುರ್ಚಿ ಎಳೆಯುವ ಸದ್ದು ಶುರುವಾಯಿತು. ಒಬ್ಬರ ಹಿಂದೆ ಒಬ್ಬರು ಊಟದ ಕಡೆ ಏಳುತ್ತಿದ್ದರು.

ಮೈಕು ಇನ್ನೂ ಆನ್ ಇತ್ತು.

“ಸಾರ್,” ಎಂದೆ. “ನಮ್ಮಣ್ಣನ್ನ ಮನೆಗೆ ಕಳಿಸಿಕೊಡಿ.”